ಡೀಸೆಲ್ಲಾ? ಛೇ ಛೇ

ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ ಮಾಡುವವನಿಗೆ ತನ್ನ ಕಾರಿನ ಎಂಜಿನ್ ಯಾವುದೆಂದು ಗೊತ್ತಿರಲೇಬೇಕು ಎನ್ನುವುದು ಶುದ್ಧ ಅನ್ಯಾಯ. ಅಲ್ಲಿ ನಾನು ಮಾಡುವುದು ಅನುವಾದ. ಇಂಗ್ಲಿಷ್ ಸುತ್ತೋಲೆಗಳನ್ನು ಹಿಂದಿಗೆ ತರುವುದು. ಆದರೆ ಮೂರು ತಿಂಗಳ ಹಿಂದೆ ಬೆಂಗಳೂರಿನಿಂದ ವರ್ಗವಾಗಿ ಅಹಮದಾಬಾದಿನ ಮಣಿನಗರದಲ್ಲಿ ಮನೆ ಹಿಡಿದಾಗ, ಜೊತೆಗೆ ಬಂದ ಅತ್ತೆ ಗೌರಮ್ಮನವರು ನಮ್ಮ ಅಳಿಯ ರಾಕೆಟ್ ಬಿಡ್ತಾರೆ ಎಂದು ಅಕ್ಕಪಕ್ಕದಲ್ಲೆಲ್ಲ ಸಾರಿಬಿಟ್ಟರು. (ರೈಲು ಬಿಡುವುದಕ್ಕಿಂತ ಇದೇ ವಾಸಿಯೆಂದು ನಾನೂ ಸುಮ್ಮನಿದ್ದೆ.)

ಅಷ್ಟರಲ್ಲಿ ನನ್ನ ಹೆಂಡತಿ ಮೀರಾಳ ಅಕ್ಕನ ಮಗಳು, ವಡೋದರಾದ ಗೋರ್ವಾದಲ್ಲಿರುವ ಮನಸ್ವಿನಿಗೆ ಸೀಮಂತ ಗೊತ್ತಾಯಿತು. ಮೊದಲ ಹಸಿರು ಬಳೆ ಅಜ್ಜಿಯೇ ತೊಡಿಸಬೇಕೆಂದು ಹುಡುಗಿ ಹಟ ಹಿಡಿದಳು. ಅತ್ತೆಯವರ ಮಂಡಿಗೋ ಬಸ್ಸು, ರೈಲು ಎರಡೂ ಆಗದು. ಬಂದ ದಿನ ಹೇಗೋ ಮೂರನೆಯ ಮಹಡಿ ಹತ್ತಿದವರು ಮತ್ತೆ ಕೆಳಗಿಳಿದೇ ಇರಲಿಲ್ಲ. ಎದುರು ಮನೆಯ ಪೂಜಾಬೆನ್ ಜೊತೆ ಬಾಗಿಲಲ್ಲಿ ಕೂತು ಹರಟುವುದೇ ಅವರ ಲೋಕ ಸಂಚಾರ.

ಹೀಗಾಗಿ ಸೂರತ್‌ನ ಕತಾರ್‌ಗಾಮ್‌ನಲ್ಲಿ ವಜ್ರದ ಕೆಲಸ ಮಾಡಿಸುವ ಮಂಥನ್‌ಭಾಯಿಯ ಹಳೆಯ ಕಾರನ್ನು ಕೊಂಡೆ. ಪರೀಕ್ಷೆಯನ್ನು ಸಾಂಗೋಪಾಂಗವಾಗಿಯೇ ಮಾಡಿದೆ. ಬಣ್ಣ ನೋಡಿದೆ, ಹಾರನ್ ಒತ್ತಿದೆ, ಅತ್ತೆಯವರ ಕಾಲು ಚಾಚಲು ಹಿಂದೆ ಜಾಗ ಅಳೆದೆ, ಬಾನೆಟ್ ಎತ್ತಿ ಒಳಗೆ ಎಂಜಿನ್ ಇದೆಯೆಂದು ಖಚಿತಪಡಿಸಿಕೊಂಡೆ. ಮಂಥನ್‌ಭಾಯಿಯೇ ಗಾಡಿಯನ್ನು ಮನೆ ಬಾಗಿಲಿಗೆ ತಂದು ಬಿಟ್ಟು ಹೋದ.

ಸೀಮಂತದ ದಿನ ಬೆಳಿಗ್ಗೆ ಆಣಂದ್ ದಾಟುವಷ್ಟರಲ್ಲಿ ಟ್ಯಾಂಕ್ ಬರಿದಾಯಿತೆಂದು ಕಾರಿನ ಕೆಂಪು ದೀಪ ಹೊತ್ತಿತು. ಬಂಕಿಗೆ ತಿರುಗಿಸಿದೆ. ಅಲ್ಲಿನ ಕಮಲಾಬೆನ್ (ಹೆಸರು ಅಂಗಿಯ ಮೇಲಿತ್ತು) ಟ್ಯಾಂಕಿನ ಮುಚ್ಚಳ ಬಿಚ್ಚಿ, ಪೆಟ್ರೋಲೋ ಡೀಸೆಲ್ಲೋ ಎಂದು ಹಿಂದಿಯಲ್ಲಿ ಕೇಳಿದರು. ಗಂಟೆ ಹತ್ತಾಗಿತ್ತು, ಬಳೆ ತೊಡಿಸುವ ಮುಹೂರ್ತ ಹನ್ನೊಂದೂವರೆಗೆ. ನಾನು ಮೀರಾಳ ಮುಖ ನೋಡಿದೆ. ಟ್ಯಾಂಕಿನ ಬಳಿ ಅಂಟಿಸಿದ್ದ ಚೀಟಿ ಬಿಸಿಲಿಗೆ ಬೆಳ್ಳಗಾಗಿತ್ತು. ಕಾಗದಪತ್ರಗಳು ಹೆಸರು ಬದಲಾವಣೆಗೆಂದು ಏಜೆಂಟನ ಬಳಿ ಇದ್ದವು. (ಮೊಬೈಲಿನಲ್ಲಿ ಗಾಡಿ ನಂಬರ್ ಹೊಡೆದು ನೋಡಬಹುದಿತ್ತಲ್ಲ ಎನ್ನುವ ಜಾಣರೇ, ಆ ಬುದ್ಧಿ ನನಗೆ ಬಂದದ್ದು ಮಾರನೆಯ ದಿನ.)

"ಹೆಣ್ಣು ನೋಡೋಕೆ ಬಂದಾಗ ಗೋತ್ರ, ನಕ್ಷತ್ರ, ಹಾಡು, ಅಡುಗೆ ಎಲ್ಲ ವಿಚಾರಿಸಿದ್ರಿ" ಎಂದಳು ಮೀರಾ. "ಈ ಕಾರು ಏನು ಕುಡಿಯುತ್ತೆ ಅಂತ ಒಂದು ಮಾತು ಕೇಳ್ಬಾರದಿತ್ತಾ?"

ನಾನು ಬಾನೆಟ್ ಎತ್ತಿ, ಕೈ ಹಿಂದೆ ಕಟ್ಟಿಕೊಂಡು, ಎಂಜಿನ್ನನ್ನು ಗಂಭೀರವಾಗಿ ಅವಲೋಕಿಸಿದೆ. ಅದು ಏನೂ ಹೇಳಲಿಲ್ಲ.

"ಅಳಿಯಂದ್ರೇ, ರಾಕೆಟ್ಟಿಗೆ ಏನು ಹಾಕ್ತಾರೋ ಅದನ್ನೇ ಹಾಕಿಸಿ, ಹೊತ್ತಾಗುತ್ತೆ" ಎಂದರು ಅತ್ತೆ.

ಕೊನೆಗೆ ದೂರ ಹೋಗಿ ನಿಂತು ಮಂಥನ್‌ಭಾಯಿಗೆ ಫೋನ್ ಮಾಡಿದೆ. ಡೀಸೆಲ್ಲಾ ಎಂದು ಕೇಳಿದೆ. "ಛೇ, ಛೇ" ಎಂದ. ಪಾಪ, ಬೇಜಾರಾಗಿರಬೇಕು ಅನ್ನಿಸಿತು. ಸಸ್ಯಾಹಾರಿಯನ್ನು ಮೀನು ತಿಂತೀರಾ ಎಂದು ಕೇಳಿದ ಹಾಗಾಯಿತಲ್ಲ ಎಂದು ಕ್ಷಮೆ ಕೋರಿ, ಪೆಟ್ರೋಲ್ ತುಂಬಿಸಿ ಎಂದು ಆಜ್ಞೆ ಹೊರಡಿಸಿದೆ.

ಕಮಲಾಬೆನ್ ಕದಲಲಿಲ್ಲ. ಟ್ಯಾಂಕಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ನೀವು ಬರುವಾಗ ಬಂದ ಗಡಗಡ ಸದ್ದು ಡೀಸೆಲ್ಲಿನದು, ಪೆಟ್ರೋಲ್ ಹಾಕಿದರೆ ಎಂಜಿನ್ ಕೆಟ್ಟು ದಾರಿಯಲ್ಲೇ ನಿಲ್ಲುತ್ತೀರಿ ಎಂದರು. ಮಾರಿದವನೇ ಅಲ್ಲವೆಂದಿದ್ದಾನೆ ಎಂದೆ. ಹಾಗಾದರೆ ಸ್ಪೀಕರ್ ಹಾಕಿ ಇನ್ನೊಮ್ಮೆ ಕೇಳಿ ಎಂದರು. ಕೇಳಿದೆ.

"ಡೀಸೆಲ್ ಛೇ, ಭಾಯ್, ಡೀಸೆಲ್ ಛೇ" ಎಂದಿತು ಫೋನು. ಗೆದ್ದೆನೆಂದು ಸುತ್ತ ನೋಡಿದೆ.

ಹಿಂದಿನ ಕಿಟಕಿಯಿಂದ ಅತ್ತೆ ಮೆಲ್ಲಗೆ ಕರೆದರು. "ಅಳಿಯಂದ್ರೇ, ಇವರ ಭಾಷೇಲಿ ಛೇ ಅಂದ್ರೆ ಇದೆ, ಹೌದು ಅಂತ. ನಮ್ಮ ಪೂಜಾಬೆನ್ 'ಚಾ ಛೇ?' ಅಂದಾಗ, ಪಾಪ ಚಾ ಕಂಡ್ರೆ ಆಗಲ್ವೇನೋ ಅಂತ ನಾನೂ ಒಂದು ವಾರ ಕೊಡಲೇ ಇಲ್ಲ."

ಹದಿನೆಂಟು ವರ್ಷ ಅನುವಾದದ ಸಂಬಳ ಉಂಡವನು ಒಂದೇ ಅಕ್ಷರಕ್ಕೆ ಮಣ್ಣು ಮುಕ್ಕಿದ್ದೆ. ಡೀಸೆಲ್ ಬಿದ್ದದ್ದೇ ತಡ, ದುಡ್ಡು ಕೊಟ್ಟು, ಯಾರ ಮುಖವನ್ನೂ ನೋಡದೆ ಗಾಡಿ ಓಡಿಸಿದೆ.

ಹನ್ನೊಂದು ಇಪ್ಪತ್ತಕ್ಕೆ ಗೋರ್ವಾ ಮುಟ್ಟಿದೆವು. ಅತ್ತೆಯವರು ಮೊಮ್ಮಗಳ ಕೈಹಿಡಿದು ಮೊದಲ ಬಳೆ ತೊಡಿಸಿದರು. ಅಜ್ಜಿ ಮೊಮ್ಮಗಳು ಇಬ್ಬರೂ ಅತ್ತರು. ನಾನೂ ಮರೆಗೆ ಹೋಗಿ ಕಣ್ಣೊರೆಸಿಕೊಂಡೆ. ಬಂಕಿನ ಕಥೆಯನ್ನು ಮೀರಾ ಯಾರ ಮುಂದೆಯೂ ಬಾಯಿಬಿಡಲಿಲ್ಲ, ಅದಕ್ಕೆ ಅವಳಿಗೆ ನಾನು ಆಜನ್ಮ ಋಣಿ. ಆದರೆ ಊಟಕ್ಕೆ ಕೂತಾಗಲೂ ನನ್ನ ಕಣ್ಣೆದುರು ಇದ್ದದ್ದು ಕಮಲಾಬೆನ್ ಅಡ್ಡ ಹಿಡಿದ ಆ ಅಂಗೈ. ಅದಿಲ್ಲದಿದ್ದರೆ ನಾವು ಹೆದ್ದಾರಿ ಬದಿಯಲ್ಲಿ ಬಳೆ ಹಿಡಿದು ಕೂತಿರುತ್ತಿದ್ದೆವು. ಒಂದು ಕೃತಜ್ಞತೆಯ ಮಾತೂ ಹೇಳದೆ ಓಡಿಬಂದಿದ್ದೆನಲ್ಲ.

ಸಂಜೆ ವಾಪಸು ಬರುವಾಗ ಚಿರೋಟಿಯ ಡಬ್ಬಿ ಕಟ್ಟಿಸಿಕೊಂಡು, ಎರಡು ಕಿಲೋಮೀಟರ್ ಸುತ್ತಿ ಅದೇ ಬಂಕಿಗೆ ಹೋದೆ. ಅತ್ತೆಯವರು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ್ದ "ತಮಾರೋ ಖೂಬ್ ಖೂಬ್ ಆಭಾರ್" ಎಂಬ ವಾಕ್ಯವನ್ನು ಕೈಮುಗಿದು ಒಪ್ಪಿಸಿದೆ. ನಿಮ್ಮಿಂದ ಒಬ್ಬ ಬಸುರಿ ಹುಡುಗಿಯ ಆಸೆ, ಅವಳ ಅಜ್ಜಿಯ ಆಸೆ ಎರಡೂ ನೆರವೇರಿದವು ಎಂದು ಹಿಂದಿಯಲ್ಲಿ ಹೇಳಿ ಡಬ್ಬಿ ಮುಂದೆ ಹಿಡಿದೆ. ಕಮಲಾಬೆನ್ ಡಬ್ಬಿ ತೆಗೆದುಕೊಂಡು, ನಿಲ್ಲಿ ಎಂದು ಒಳಗೆ ಹೋಗಿ, ಕಾಗದದಲ್ಲಿ ಸುತ್ತಿದ್ದ ಏನನ್ನೋ ತಂದು ಕೈಯಲ್ಲಿಟ್ಟರು. ಎಂಥ ದೊಡ್ಡ ಮನಸ್ಸು, ಬಸುರಿ ಹುಡುಗಿಗೆ ಉಡುಗೊರೆ ಕೊಡುತ್ತಿದ್ದಾರೆ ಎಂದು ಬಿಚ್ಚಿದೆ.

ನನ್ನ ಟ್ಯಾಂಕಿನ ಮುಚ್ಚಳ.

"ಬೆಳಿಗ್ಗೆ ಕೈ ಬೀಸಿ ಬೀಸಿ ಕರೆದೆ ಸಾಹೇಬ್ರೇ" ಎಂದರು ಹಿಂದಿಯಲ್ಲಿ, "ನೀವೂ ಕೈ ಬೀಸಿ ಹೋದ್ರಿ. ಇದನ್ನ ಹುಡುಕ್ಕೊಂಡು ಬಂದೇ ಬರ್ತೀರಿ ಅಂತ ಎಲ್ಲರಿಗೂ ಹೇಳಿದ್ದೆ."

ಇಲ್ಲ, ನಾನು ಬಂದದ್ದು ಬರೀ ಕೃತಜ್ಞತೆ ಹೇಳಲು ಎಂದೆ. ಇಡೀ ಬಂಕು ನಕ್ಕಿತು. ಮುಚ್ಚಳವನ್ನು ಎತ್ತ ತಿರುಗಿಸಬೇಕೆಂದು ನಾನು ತಡಕಾಡುತ್ತಿರುವುದನ್ನು ನೋಡಲಾರದೆ, ಅದನ್ನೂ ಕಮಲಾಬೆನ್ನೇ ಹಾಕಿಕೊಟ್ಟರು.