ಐವತ್ತು ಕೋಡಿನ ಹಸು

ಮಕ್ಕಳೇ, ನಿಮ್ಮ ಚಿಕ್ಕ ತಾತನಂಥ ಒಳ್ಳೆಯ ಮನುಷ್ಯ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರ ಮನೆಗೆ ಅವರು ದಿನಾ ಬರುವುದಿಲ್ಲ, ಅದಕ್ಕೇ ಹೇಳುತ್ತಾರೆ.

ನಿಮ್ಮ ತಾತ ತೀರಿಕೊಂಡು, ನಾನು ಊರು ಬಿಟ್ಟು ತಮಿಳು ಸೀಮೆಗೆ, ವೇಲಚೇರಿಯ ನಿಮ್ಮ ಮನೆಗೆ ಬಂದ ವರ್ಷದ ಮಾತು. ಇವರು ತಾತನ ತಮ್ಮ, ರೈಲ್ವೆಯಲ್ಲಿ ನಕ್ಷೆ ಬರೆದು ಬರೆದೇ ನಿವೃತ್ತರಾದವರು. ನಿಮ್ಮ ದೊಡ್ಡಕ್ಕನಿಗೆ ಆಗ ಆರು ವರ್ಷ. ಶಾಲೆಯಲ್ಲಿ ಅವಳು ಬರೆದ ಆನೆಯನ್ನು ನೋಡಿ ಮಕ್ಕಳೆಲ್ಲ ಹಂದಿ ಎಂದು ನಕ್ಕರಂತೆ. ಅಂದಿನಿಂದ ಪೆನ್ಸಿಲ್ ಮುಟ್ಟಳು. ಚಿತ್ರದ ಪುಸ್ತಕ ಅಕ್ಕಿ ಡಬ್ಬದ ಹಿಂದೆ ಸೇರಿತ್ತು. ಇದನ್ನು ನಾನೇ ಬಾಯಿತಪ್ಪಿ ಇವರಿಗೆ ಹೇಳಿದೆ. ತಗೋ, ಮರುದಿನದಿಂದ ಸರಿಯಾಗಿ ನಾಲ್ಕು ಗಂಟೆಗೆ ನುಂಗಂಬಾಕ್ಕಂನ ತಮ್ಮ ಮನೆಯಿಂದ ಬಸ್ಸು ಹಿಡಿದು ಹಾಜರು!

ಮೊದಲ ದಿನವೇ ಮನೆಯಲ್ಲಿದ್ದ ರಬ್ಬರುಗಳನ್ನೆಲ್ಲ ಜೇಬಿಗೆ ಹಾಕಿಕೊಂಡರು. ತಪ್ಪಿದರೆ ಅಳಿಸಬಾರದಂತೆ, ಪಕ್ಕದಲ್ಲೇ ಇನ್ನೊಂದು ಬರೆಯಬೇಕಂತೆ. ಮಗು ಕಾಗದ ಕಂಡರೆ ಹೆದರುತ್ತಾಳೆಂದು ನೆಲಕ್ಕೆ ಸೀಮೆಸುಣ್ಣ ಹಿಡಿದರು. ಮಗುವೇನೋ ಕೈಕಟ್ಟಿ ಕೂತಿದ್ದಳು, ಬರೆದವರು ಇವರೇ. ನೆಲ ತುಂಬಿತು, ಎದ್ದು ಮನೆಗೆ ಹೊರಟರು. ಒರೆಸುವವರು ಯಾರು?

"ಒರೆಸಬೇಡಿ ಅತ್ತಿಗೆ, ಮಗುಗೆ ಬರೆಯೋ ಆಸೆ ಹುಟ್ಟೋವರೆಗೂ ಇರಲಿ."

ಒಂದು ವಾರ ನಾನು ಎರಡು ನವಿಲು, ಒಂದು ರೈಲು ದಾಟಿಕೊಂಡು ಅಡುಗೆಮನೆಗೆ ಹೋದೆ.

ಎಂಟನೆಯ ದಿನ ಹುರುಳಿಕಾಯಿ ಹೆಚ್ಚುತ್ತಿದ್ದೆ. ಹೊರಗೆ ಇವರು ಮಗುವಿಗೆ ಹೇಳುತ್ತಿದ್ದರು: "ಹಸು ಆಮೇಲೆ. ಮೊದಲು ಐವತ್ತು ಕೋಡು ಹಾಕು. ದಿನಾ ಹಾಕಿದರೆ ಕೈ ತಾನಾಗೇ ಪಳಗುತ್ತೆ."

ನಾನು ಎದುರು ಮಾತಾಡುವವಳಲ್ಲ. ಆದರೂ ಎಷ್ಟೂಂತ ತಡೆಯಲಿ?

"ಒಂದು ಹಸುಗೆ ಐವತ್ತು ಕೋಡಾ? ಎರಡು ಸಾಲದೇ?"

ತಮಿಳಿನಲ್ಲಿ ಕೋಡು ಎಂದರೆ ಗೆರೆ. ನನಗೇನು ಗೊತ್ತು? ನಮ್ಮೂರಿನ ಶಾಲೆಯಲ್ಲಿ ಕೋಡು ಎಂದರೆ ಕೊಂಬು. ಮಗು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜೀ, ಕೋಡುನ್ನಾ ಲೈನ್!" ಎಂದವಳೇ ಸೀಮೆಸುಣ್ಣ ಕಿತ್ತುಕೊಂಡು ಒಂದು ಹಸು ಬರೆದಳು. ತಲೆಯ ಮೇಲೆ, ಬೆನ್ನ ಮೇಲೆ, ಬಾಲದ ತುದಿಯವರೆಗೂ ಕೊಂಬುಗಳು. ಇವರು ಕನ್ನಡಕ ಸರಿಮಾಡಿಕೊಂಡು ಎಣಿಸಿದರು.

"ನಲವತ್ತೆಂಟೇ ಇದೆ. ಅಜ್ಜಿ ಬೈತಾರೆ, ಇನ್ನೆರಡು ಹಾಕು."

ಅಂದಿನಿಂದ ದಿನಕ್ಕೊಂದು ಹಸು, ಅದೂ ಪುಸ್ತಕದಲ್ಲೇ. ತಿಂಗಳಾಗುವ ಹೊತ್ತಿಗೆ ನಾಲ್ಕು ಕಾಲೂ ನೆಲ ಮುಟ್ಟಿದವು, ಕಣ್ಣು ಹಸುವಿನ ಕಣ್ಣೇ ಆಯಿತು. ಕೊಂಬು ಮಾತ್ರ ಒಂದೂ ಕಡಿಮೆಯಾಗಲಿಲ್ಲ.

ಒಂದು ಬೆಳಿಗ್ಗೆ ಅವಳೇ ಆ ಪುಸ್ತಕವನ್ನು ಶಾಲೆಯ ಚೀಲಕ್ಕೆ ಹಾಕಿಕೊಂಡಳು. ನಾನು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಇವರು ಹನ್ನೊಂದಕ್ಕೇ ಬಂದು ಕುಳಿತರು. ಊಟಕ್ಕೆ ಕರೆದರೆ "ಆಮೇಲೆ, ಅತ್ತಿಗೆ." ಎರಡು ಸಲ ಸಾರು ಬಿಸಿ ಮಾಡಿದೆ, ಗೊಣಗಿಕೊಂಡೇ.

ಮಗು ಬಂದಳು. ಇವರು ಎದ್ದು ನಿಂತರು.

"ಯಾರಾದ್ರೂ ನಕ್ಕರಾ, ಕಂದಾ?"

ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಎಲ್ಲಾರೂ ನಕ್ಕರು ತಾತಾ. ನಾನೂ ನಕ್ಕೆ. ಆಮೇಲೆ ಎಲ್ಲಾರಿಗೂ ಒಂದೊಂದು ಹಸು ಹಾಕಿಕೊಟ್ಟೆ."

ಇವರು ಮೆಲ್ಲಗೆ ಕುರ್ಚಿಯಲ್ಲಿ ಕುಳಿತು, "ಅತ್ತಿಗೆ, ಹಸಿವಾಗ್ತಿದೆ" ಎಂದರು.

ಮೂರನೆಯ ಸಲ ಸಾರು ಬಿಸಿಗಿಟ್ಟೆ. ತಟ್ಟೆ ಹಾಕಿ, ಅವರು ತಿಂದು ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.