ನಮ್ಮ ಕಾಕಾ ಹಿಮಾಲಯವನ್ನು ಪರೀಕ್ಷಿಸಲು ಹೊರಟದ್ದು

ಹವಾಮಾನ ನಮ್ಮ ಕಾಕಾನಿಗೆ ಹೆದರುತ್ತದೆ. ನಗಬೇಡಿ, ಇದು ನನ್ನ ಮಾತಲ್ಲ, ಅವನದೇ! ಹೈದರಾಬಾದಿನ ಕುಷಾಯಿಗೂಡದ ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಅವನ ನೌಕರಿ. ಏನು ಕೆಲಸ ಅಂತೀರಿ? ಯಂತ್ರಗಳನ್ನು ದೊಡ್ಡದೊಂದು ಕಬ್ಬಿಣದ ಪೆಟ್ಟಿಗೆಯೊಳಗೆ ಕೂಡಿಸಿ, ಬೇಯಿಸಿ, ಹೆಪ್ಪುಗಟ್ಟಿಸಿ, ಗಡಗಡ ನಡುಗಿಸಿ, ಇಷ್ಟಾದ ಮೇಲೂ ಅವುಗಳ ಜೀವ ಉಳಿದಿದ್ದರೆ 'ಪಾಸ್' ಎನ್ನುವುದು. ಹಿಮ, ಬಿಸಿಲುಗಳನ್ನು ದಿನಾಲೂ ಸ್ವಿಚ್ಚು ಒತ್ತಿ ಕರೆಸುವವನಿಗೆ ಸ್ವಲ್ಪ ಜಂಬ ಇರದೆ ಇದ್ದೀತೇ?

ಆಂಧ್ರಪ್ರದೇಶ ಇನ್ನೂ ಒಂದೇ ಇದ್ದಾಗಿನ ಮಾತು. ಓದಲೆಂದು ನಾನು ಅವರ ಮನೆಯಲ್ಲಿದ್ದೆ. ಆ ವರ್ಷ ಕಾಕಾನಿಗೆ ಎಲ್‌ಟಿಸಿ ಬಂತು, ಅಂದರೆ ಕಾರ್ಖಾನೆಯ ಖರ್ಚಿನಲ್ಲಿ ಪ್ರವಾಸ. ಕ್ವಾರ್ಟರ್ಸಿನ ಮಂದಿಯೆಲ್ಲ ಕನ್ಯಾಕುಮಾರಿಗೆ ಹೊರಟರೆ ಇವನು ಹಿಮಾಲಯದಲ್ಲಿರುವ ಗಢವಾಲದ ಚಂದ್ರಶಿಲಾ ಶಿಖರ ಎಂದ!

"ಅಲ್ಲಿ ಹವಾ ಭಾಳ ಕೆಟ್ಟದ್ದಂತ್ರಿ. ಬಿಸಿಲಿದ್ದಾಗನ ಸಿಡಿಲು ಬೀಳತೈತಂತ" ಎಂದರು ಪಕ್ಕದ ಮನೆಯ ದೇಸಾಯರು.

"ನನ್ನ ಪೆಟ್ಟಿಗಿ ಮುಂದ ಆ ಗುಡ್ಡ ಏನ್ರಿ? ತುದಿ ಮುಟ್ಟೇ ಬರತೀನಿ. ಅಂಜಿ ವಾಪಸ್ ಬರೋ ಪೈಕಿ ಅಲ್ಲ ನಾ!"

ಇಡೀ ಕ್ವಾರ್ಟರ್ಸಿಗೆ ಕೇಳುವಂತೆ ಹೇಳಿದ. ಇನ್ನು ಮುಟ್ಟದೆ ಬಂದರೆ ಮುಖ ತೋರಿಸುವುದು ಹೇಗೆ?

ಸರಿ, ಮನೆಯಲ್ಲಿ ಪರೀಕ್ಷೆ ಶುರುವಾಯಿತು. ಯಂತ್ರಗಳು ಯಾರು? ನಾನು ಮತ್ತು ಅವನ ಹೆಂಡತಿ, ನಮ್ಮ ಕಾಕು! ಮೇ ತಿಂಗಳ ಮಧ್ಯಾಹ್ನ ಸ್ವೆಟರು, ಮಂಕಿಕ್ಯಾಪು ತೊಡಿಸಿ ನಮ್ಮನ್ನು ಮಾಳಿಗೆಯ ಮೇಲೆ ನಿಲ್ಲಿಸಿದ.

"ಅಲ್ರೀ, ಹೋಗೂದು ಥಂಡಿ ಊರಿಗೆ. ಇಲ್ಲಿ ಯಾಕ ಕುದಸಾಕತ್ತೀರಿ?" ಎಂದಳು ಕಾಕು.

"ಪದ್ಧತಿ ಅಂದ್ರ ಪದ್ಧತಿ. ಮೊದಲ ಬಿಸಿ, ಆಮ್ಯಾಲೆ ತಂಪು."

ತಂಪಿಗೆ ಒದ್ದೆ ಟವೆಲ್ ಹೊದ್ದು ಕೂಲರಿನ ಮುಂದೆ ಕೂತೆವು. ನಡುಗಿಸುವ ಪರೀಕ್ಷೆಗೆ ಸಿಕಂದರಾಬಾದಿನ ಸಿಟಿ ಬಸ್ಸಿನ ಕೊನೆಯ ಸೀಟು! ಕಾಕಾ ಮಾತ್ರ ಮುಂದೆ ಹೆಂಗಸರ ಸೀಟು ಖಾಲಿ ಕಂಡು ಆರಾಮಾಗಿ ಕೂತಿದ್ದ. ಇಳಿದ ಮೇಲೆ ನಾವಿಬ್ಬರೂ ಪಾಸಾದೆವು. ಅವನಿಗೆ ಪರೀಕ್ಷೆ ಬೇಡವೇ ಎಂದು ಕೇಳಿದೆ. ಅವನು ಪಾಸಾಗಿಯೇ ಹುಟ್ಟಿದವನಂತೆ!

ಗಢವಾಲ ತಲುಪಿ ಬೆಟ್ಟ ಹತ್ತುವಾಗ ಒಳ್ಳೆ ಬಿಸಿಲಿತ್ತು. ದಾರಿ ತೋರಿಸಲು ಬಂದಿದ್ದ ಗಢವಾಲಿ ಮುದುಕನನ್ನು ಕಾಕಾ ಹೈದರಾಬಾದಿ ಹಿಂದಿಯಲ್ಲಿ ಛೇಡಿಸಿದ: "ಕಿಧರ್ ಹೈ ಜೀ ತುಮ್ಹಾರಾ ಥಂಡ್? ಛುಟ್ಟಿ ಪೆ ಗಯಾ ಕ್ಯಾ?"

ಥಂಡಿ ರಜೆ ಮುಗಿಸಿ ಬಂದೇ ಬಿಟ್ಟಿತು. ತುದಿಯ ಪುಟ್ಟ ಗುಡಿ ಕಣ್ಣೆದುರಿಗೇ ಕಾಣುತ್ತಿರುವಾಗ ಮೋಡ ಮುತ್ತಿತು. ಗಾಳಿ ನಮ್ಮನ್ನು ಹಿಡಿದು ನೂಕಿತು, ಆಲಿಕಲ್ಲು ಮುಖಕ್ಕೇ ಹೊಡೆದವು, ಎದುರಿನ ಬಂಡೆಯ ಮೇಲೆ ಸಿಡಿಲು ಬಡಿಯಿತು. ಮುದುಕ ಇಳಿಯಿರಿ ಎಂದು ಕೂಗಿದ. ಕಾಕಾ "ಇನ್ನೇನ್ ಬಂತು, ನಡೀರಿ!" ಎಂದು ಮೇಲಕ್ಕೇ ಹೆಜ್ಜೆಯಿಟ್ಟ.

ಕಾಕು ಕುಸಿದು ಕೂತಳು. ಅವಳ ತುಟಿ ನೀಲಿಯಾಗಿತ್ತು.

"ನನಗ ಆಗೂದಿಲ್ರಿ. ನೀವು ಹೋಗಿ ಬರ್ರಿ. ಮಂದಿ ಮುಂದ ಮಾತು ಕೊಟ್ಟೀರಿ."

ಕಾಕಾ ಒಮ್ಮೆ ಗುಡಿಯತ್ತ ನೋಡಿದ, ಒಮ್ಮೆ ಅವಳತ್ತ. ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದ. ಕೈ ಹಿಡಿದು ಎಬ್ಬಿಸಿ ಕೆಳಗಿಳಿಸಿದ. ಅಷ್ಟು ದೂರ ಇಳಿದರೂ ಒಮ್ಮೆಯೂ ತಿರುಗಿ ನೋಡಲಿಲ್ಲ.

"ನನ್ನ ಸಲುವಾಗಿ ನಿಮ್ಮ ಮಾನ ಹೋತು" ಎಂದು ಕಾಕು ರೈಲಿನುದ್ದಕ್ಕೂ ಕೊರಗಿದಳು. ಅವನು ಶೇಂಗಾ ಸುಲಿದು ಸುಲಿದು ಅವಳ ಕೈಗೆ ಹಾಕುತ್ತಿದ್ದ.

ಕ್ವಾರ್ಟರ್ಸಿನ ಗೇಟಿನಲ್ಲೇ ದೇಸಾಯರು, ಅವರ ಹಿಂದೆ ಮಂದಿ!

"ಏನ್ರಿ, ತುದಿ ಮುಟ್ಟಿದ್ರೇನ್ರಿ?"

ಕಾಕು ತಲೆ ತಗ್ಗಿಸಿ, ತಪ್ಪು ತನ್ನದೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಾಕಾನ ದನಿ ಎದ್ದಿತು.

"ಇಲ್ರಿ ದೇಸಾಯರ, ಅಂಜಿ ಓಡಿ ಬಂದೆ! ಇಕಿ ನಡೀರಿ ನಡೀರಿ ಅಂತ ಕೈ ಹಿಡದು ಜಗ್ಗಿದ್ಲು. ನನ್ನ ಕಾಲೇ ಏಳಲಿಲ್ಲ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕಾಕು ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತು ಅತ್ತಳು. ಹೊರಗೆ ಕಾಕಾ ತಾನು ಹೇಗೆ ಹೆದರಿದೆನೆಂದು ಇನ್ನೂ ಬಣ್ಣಿಸುತ್ತಲೇ ಇದ್ದ.