ರಾಕೆಟ್ಟಿಗೆ ಬೆನ್ನು ಹಾಕಿದ ಮಾವ

ನಮ್ಮ ದೇಶದ ರಾಕೆಟ್ಟುಗಳು ಸುಸೂತ್ರವಾಗಿ ಮೇಲೆ ಹೋಗಿದ್ದು ನನ್ನ ಸೋದರಮಾವನಿಂದ! ವಿಜ್ಞಾನಿಗಳಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಮಾವ ಮಾಡುತ್ತಿದ್ದ ಸಹಾಯ ಒಂದೇ, ರಾಕೆಟ್ಟು ಹಾರುವಾಗ ಅದನ್ನು ನೋಡದೆ ಇರುವುದು.

ಮಾವ ಇದ್ದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಕಾಗದದ ಮಷಿನ್ನಿನ ಮೇಲೆ ಕೆಲಸ. ಓಡುತ್ತಿರುವ ಹಾಳೆಯನ್ನು ಎವೆಯಿಕ್ಕದೆ ನೋಡುತ್ತ ನಿಂತರೆ ಅದು ಹರಿಯುತ್ತದೆ ಎಂದು ಅವರ ಜೊತೆಯವರ ನಂಬಿಕೆ. ಮಾವನ ಕಣ್ಣಂತೂ ಹಾಳೆ ಹರಿಯುವುದಕ್ಕೇ ಹುಟ್ಟಿದ್ದು ಎಂದು ಅವರೆಲ್ಲ ರೇಗಿಸುತ್ತಿದ್ದರು. ಮಾವನೂ ನಗುತ್ತಿದ್ದರು. ಆದರೆ ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಪಕ್ಕದ ಮನೆಯ ಟಿವಿಯಲ್ಲಿ ಅವರು ಆಸೆಪಟ್ಟು ನೋಡಿದ ಮೊದಲ ರಾಕೆಟ್ಟು ಸಮುದ್ರಕ್ಕೆ ಬಿತ್ತು. ಅವತ್ತು ಅವರು ಊಟ ಮಾಡಲಿಲ್ಲ.

"ನನ್ನ ಕಣ್ಣೇ ಸರಿ ಇಲ್ಲ ಮಾರಾಯ್ತಿ," ಎಂದರು ಅತ್ತೆಗೆ.

"ಮದ್ವೇಲಿ ನನ್ನೂ ನೋಡಿದ್ರಲ್ಲ, ನಾನೇನು ಸಮುದ್ರಕ್ಕೆ ಬಿದ್ನಾ?"

"ಎಲ್ಲಿ ಬಿದ್ದೆ? ಇವತ್ತಿಗೂ ನನ್ನ ತಲೆ ಮೇಲೇ ಸುತ್ತಾ ಇದೀಯಲ್ಲ!"

ಮುಂದೆ ಮಾವ ರಾಕೆಟ್ಟಿಗಾಗಿಯೇ ಬಣ್ಣದ ಟಿವಿ ತಂದರು. ತಂದು, ಅದಕ್ಕೆ ಬೆನ್ನು ಹಾಕಿ ಕೂತರು! ನೋಡಿ ಹೇಳುವುದಕ್ಕೆ ಒಬ್ಬರು ಬೇಕಲ್ಲ? ಅತ್ತೆ ಅಡುಗೆಮನೆಯಿಂದ ಆಚೆಗೇ ಬರುತ್ತಿರಲಿಲ್ಲ. ಹಾಗಾಗಿ ಮಾವ ಶಿವಮೊಗ್ಗಕ್ಕೆ ಬಂದು, ನವುಲೆಯ ನಮ್ಮ ಮನೆಯಿಂದ ನನ್ನನ್ನು ಬಸ್ಸು ಹತ್ತಿಸಿಕೊಂಡು ಹೋಗುತ್ತಿದ್ದರು. ಶಾಲೆಗೆ ರಜೆ ಚೀಟಿ ಅವರೇ ಬರೆಯುವರು. ಕಾರಣ: "ದೇಶದ ಕೆಲಸ." ಆ ಚೀಟಿಯನ್ನು ನಮ್ಮ ಮೇಷ್ಟ್ರು ಸ್ಟಾಫ್ ರೂಮಿನಲ್ಲೆಲ್ಲ ಓದಿಸಿ ರಜೆ ಕೊಟ್ಟರು.

"ಏನಾಯ್ತೇ?"

"ಹೊಗೆ ಬಂತು ಮಾವ."

"ಯಾವ ಬಣ್ಣ?"

"ಬಿಳಿ."

"ಬಿಳಿ ಅಂದ್ರೆ ಯಾವ ಬಿಳಿ? ನಮ್ಮ ಮಷಿನ್ನಲ್ಲಿ ಹತ್ತು ಥರ ಬಿಳಿ ಬರುತ್ತೆ. ಸರಿಯಾಗಿ ನೋಡು!"

ಒಂದು ಸಲ ಎಣಿಕೆ ಮುಗಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ನಾನು ಅಳುವುದೊಂದು ಬಾಕಿ. ಮರುದಿನ ಪೇಪರಿನಲ್ಲಿ ರಾಕೆಟ್ಟು ಗೆದ್ದ ಸುದ್ದಿ ಬಂದಾಗ ಮಾವ ಮೀಸೆ ತಿರುವಿದರು: "ನೋಡಿದ್ಯಾ? ಇಡೀ ಕಾಗದನಗರ ನೋಡ್ಲಿಲ್ಲ, ಅದಕ್ಕೇ ಸಲೀಸಾಗಿ ಹೋಯ್ತು!" ಇಂಥವರ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಹೀಗೆ ನಗುನಗುತ್ತಲೇ ವರ್ಷಗಳು ಹೋದವು. ನನಗೆ ಕೆಲಸ ಸಿಕ್ಕಿತು, ಮಾವ ರಿಟೈರಾದರು. ಚಂದ್ರನ ಕಡೆಗೆ ನಮ್ಮ ಮೊದಲ ನೌಕೆ ಹೊರಡುವ ಹೊತ್ತಿಗೆ ಅವರ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದೂ ಹೆಚ್ಚು ದಿನ ಉಳಿಯದು ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಇಷ್ಟು ಆಸೆಯ ಮನುಷ್ಯ ಒಂದೇ ಒಂದು ರಾಕೆಟ್ಟು ಮೇಲೆ ಹೋಗಿದ್ದನ್ನೂ ಕಣ್ಣಾರೆ ಕಂಡಿರಲಿಲ್ಲ.

ನೌಕೆ ಹೊರಡುವ ದಿನ ನಾನೂ ರಜೆ ಹಾಕಿ ಹೋಗಿದ್ದೆ. ಬೆಳಿಗ್ಗೆ ಮಾವ ಎಂದಿನಂತೆ ಗೋಡೆ ನೋಡುತ್ತ ಕೂತಿದ್ದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅವರ ಕುರ್ಚಿಯನ್ನು ಟಿವಿಯ ಕಡೆಗೆ ತಿರುಗಿಸಿಬಿಟ್ಟರು.

"ಏ, ಬೇಡ ಕಣೇ! ಬಿದ್ರೆ?"

"ಬೀಳ್ಲಿ. ನಾನೂ ನೋಡ್ತೀನಿ. ಬಿದ್ರೆ ನನ್ನ ಕಣ್ಣು ತಾಗ್ತು ಅಂತ ಹೇಳಿ ಎಲ್ಲರ ಹತ್ರ."

ಮಾವ ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಎಣಿಕೆ ಮುಗಿಯಿತು. ಬೆಂಕಿ ಕಾಣಿಸಿದ್ದೇ ತಡ, ಅವರ ಆ ಒಂದು ಕಣ್ಣಿನಲ್ಲೂ ನೀರು ತುಂಬಿ ಇಳಿಯತೊಡಗಿತು.

"ಏನೂ ಕಾಣ್ತಿಲ್ಲ ಕಣೇ... ಏನಾಯ್ತು? ಹೇಳೇ!" ಎಂದು ನನ್ನ ಕಡೆ ತಿರುಗಿದರು. ನಾನು ಅತ್ತೆಯ ಕಡೆ ನೋಡಿದೆ.

ಅತ್ತೆ ತಮ್ಮ ಸೆರಗಿನಿಂದ ಅವರ ಕಣ್ಣು ಒರೆಸಿ, ಮುಖವನ್ನು ಮೆಲ್ಲಗೆ ಟಿವಿಯ ಕಡೆ ತಿರುಗಿಸಿದರು.

"ಹೋಗ್ತಾ ಇದೆ ನೋಡಿ. ಬೀಳ್ತಾ ಇಲ್ಲ ಕಣ್ರೀ, ಮೇಲೆ ಹೋಗ್ತಾ ಇದೆ."